ಬೆಳಗಾಗದ ಕೋಣೆ

ಹಿಟ್ಟಿನ ಕಂಪನಿಯವರು ಬಹುಮಾನವಾಗಿ ಹಡಗಿನ ಪ್ರವಾಸ ಕೊಟ್ಟಿದ್ದಾರೆಂಬ ಸುದ್ದಿ ಬಂದಾಗ ಬನ್ನಕ್ಕ ಮೊಳಕೈವರೆಗೆ ಮೈದಾಹಿಟ್ಟಿನಲ್ಲಿ ಮುಳುಗಿದ್ದಳು. ಫೋನು ಎತ್ತಿದ್ದ ಅವಳ ಗಂಡ, ಅದನ್ನು ಕಿವಿಗೆ ಒತ್ತಿಕೊಂಡೇ ಅಂಗಡಿಯ ಮುಂಬಾಗಿಲಿಗೆ ಓಡಿ, ಮೊದಲು ಬೀದಿಗೆ ಹೇಳಿ, ಆಮೇಲೆ ಒಳಗೆ ಬಂದು ಹೆಂಡತಿಗೆ ಹೇಳಿದ. ಅದು ಅವನ ಕ್ರಮ. ಬೀದಿಯವರು ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಬನ್ನಕ್ಕ ಎಂಬುದೂ ಬೀದಿಯವರೇ ಇಟ್ಟ ಹೆಸರು. ಅವಳ ನಿಜವಾದ ಹೆಸರು ಗಂಡನಿಗೂ ಸ್ವಲ್ಪ ಯೋಚಿಸಿದ ಮೇಲೇ ನೆನಪಾಗುತ್ತಿತ್ತು.

ಬೇಕರಿಯ ಕೆಲಸವನ್ನು ಗಂಡ ಹೆಂಡತಿ ಸಮನಾಗಿ ಹಂಚಿಕೊಂಡಿದ್ದಾರೆ ಎಂಬುದು ರೇಡಿಯೋನ ಹೆಮ್ಮೆ. ಊರೆಲ್ಲ ಮಗ್ಗುಲು ಬದಲಿಸುವ ಹೊತ್ತಿಗೆ ಬನ್ನಕ್ಕ ಎದ್ದು, ಒಲೆ ಹೊತ್ತಿಸಿ, ಹಿಟ್ಟು ನಾದಿ, ಉಬ್ಬಿಸಿ, ಉಂಡೆ ಕಟ್ಟಿ, ಬೇಯಿಸಿ, ತಟ್ಟೆಗಳನ್ನು ಹೊರಗೆ ತಂದಿಡುತ್ತಿದ್ದಳು. ಬಿಸಿಲು ಚೆನ್ನಾಗಿ ಏರಿದ ಮೇಲೆ ರೇಡಿಯೋ ಸ್ನಾನ ಮಾಡಿ, ಪೌಡರು ಬಳಿದುಕೊಂಡು ಬಂದು ಗಲ್ಲಾದ ಹಿಂದೆ ಕೂತು ಮಾತಾಡುತ್ತಿದ್ದ. "ಒಳಗಿಂದು ಅವಳು, ಹೊರಗಿಂದು ನಾನು" ಎನ್ನುತ್ತಿದ್ದ. ಅದಕ್ಕೆ ಇನ್ನೊಂದು ಮಾತು ಸೇರಿಸುತ್ತಿದ್ದ: "ನಮ್ಮನೆಯವಳಿಗೆ ಬೆಳಗಿನ ಜಾವ ಅಂದ್ರೆ ಪ್ರಾಣ."

ಬೇಕರಿಯ ಮಹಡಿಯ ಮೇಲೆ ರೇಡಿಯೋನ ಅಕ್ಕ ಇದ್ದಳು. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾಗಿದ್ದರೂ ಆ ವಿಷಯವನ್ನು ಒಪ್ಪಿಕೊಂಡಿರದ ಹೆಂಗಸು. ಎಲ್ಲರಿಗೂ ಅವಳು ಹೆಡ್‌ಮಿಸ್ಸು. ಸುದ್ದಿ ಕೇಳಿ ಮೆಟ್ಟಿಲಿಳಿದು ಬಂದವಳೇ ತೀರ್ಮಾನ ಹೇಳಿದಳು.

"ನಾನೂ ಬರ್ತೀನಿ. ನನ್ನ ಟಿಕೆಟು ನಾನೇ ತಗೋತೀನಿ. ನಿಮ್ಮಿಬ್ಬರನ್ನೇ ಕಳಿಸಿದ್ರೆ ಹಡಗು ಮುಳುಗಿಸಿ ಬರ್ತೀರ."

ಹೀಗೆ ಮೂವರೂ ಪ್ರವಾಸದ ಏಜೆನ್ಸಿಗೆ ಹೋಗಿ, ತಣ್ಣಗಿನ ಕೋಣೆಯಲ್ಲಿ ತಿರುಗುವ ಕುರ್ಚಿಗಳ ಮೇಲೆ ಕೂತರು. ಏಜೆನ್ಸಿಯ ಹುಡುಗಿ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಹಡಗಿನ ನಕ್ಷೆ ತೋರಿಸಿದಳು. ಉದ್ದಕ್ಕೆ ಸೀಳಿದ ಬ್ರೆಡ್ಡಿನ ಹಾಗಿತ್ತು. ಅದರ ತುಂಬ ಸಣ್ಣ ಸಣ್ಣ ಚೌಕಗಳು.

"ಎರಡೇ ರೂಮು ಉಳಿದಿರೋದು ಅಂಕಲ್. ಒಂದು ಇಲ್ಲಿ, ಹಡಗಿನ ಮೂತಿ ಹತ್ರ, ಮೇಲಿನ ಅಂತಸ್ತು. ಬಾಲ್ಕನಿ ಇದೆ. ಇನ್ನೊಂದು ಇಲ್ಲಿ ಕೆಳಗೆ, ನಡುಮಧ್ಯ, ಒಳಗಿನ ರೂಮು. ಅದಕ್ಕೆ ಕಿಟಕಿ ಇಲ್ಲ."

"ಚಿಕ್ಕದಾದ್ರೂ ಇರುತ್ತಲ್ಲ?" ಅಂದ ರೇಡಿಯೋ.

"ಚಿಕ್ಕದೂ ಇಲ್ಲ. ಗೋಡೆ."

"ಗಾಳಿ ಬೆಳಕಿಲ್ಲದ ಕೋಣೇಲಿ ಬಿದ್ದಿರೋಕೆ ನಾನೇನು ಆಲೂಗಡ್ಡೆನಾ?" ಎಂದಳು ಹೆಡ್‌ಮಿಸ್ಸು. "ನಂಗೆ ಬಾಲ್ಕನಿ."

ರೇಡಿಯೋನ ಮುಖ ಹುಳ್ಳಗಾಯಿತು. ಅವನು ಆಗಲೇ ಅರ್ಧ ಊರಿಗೆ ಬಾಲ್ಕನಿಯ ವರ್ಣನೆ ಮಾಡಿಯಾಗಿತ್ತು. ಕೈ ಚಾಚಿದರೆ ಡಾಲ್ಫಿನ್ ಮುಟ್ಟಬಹುದು ಎಂದು ಕ್ಷೌರಿಕನಿಗೆ ಮಾತು ಕೊಟ್ಟಿದ್ದ. "ಬಹುಮಾನ ಬಂದಿರೋದು ನಮಗೆ ಕಣಕ್ಕ" ಎಂದು ಗೊಣಗಿದ.

ಏಜೆನ್ಸಿಯ ಹುಡುಗಿಗೆ ಕನಿಕರ ಬಂದಿರಬೇಕು. "ಮೂತಿ ಕಡೆ ಸ್ವಲ್ಪ ಅಲ್ಲಾಡುತ್ತೆ ಅಂಕಲ್. ಸಮುದ್ರ ಎದ್ರೆ ಜಾಸ್ತೀನೇ ಅಲ್ಲಾಡುತ್ತೆ. ಹೊಟ್ಟೆ ಸೂಕ್ಷ್ಮ ಇರೋರು ನಡುವೆ, ಕೆಳಗೆ ತಗೊಂಡ್ರೆ ಒಳ್ಳೇದು."

"ನೋಡಮ್ಮ, ಬಸ್ಸಲ್ಲೂ ನಾನು ಯಾವತ್ತೂ ಮುಂದಿನ ಸೀಟೇ" ಎಂದ ರೇಡಿಯೋ.

ಹುಡುಗಿ ಮತ್ತೆ ನಕ್ಷೆಯ ಕಡೆ ತಿರುಗಿದಳು.

ಅಷ್ಟು ಹೊತ್ತೂ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಬನ್ನಕ್ಕ ಆಗ ಕಣ್ಣು ಬಿಟ್ಟಳು. "ಆ ಒಳಗಿನ ರೂಮಲ್ಲಿ ಬೆಳಗಾಗಿದ್ದು ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ ಆಂಟಿ. ಅದೇ ಅದರ ತೊಂದರೆ. ದೀಪ ಆರಿಸಿದ್ರೆ ಮಧ್ಯಾಹ್ನಾನೂ ರಾತ್ರೀನೇ."

"ನಂಗದು ಕೊಡು."

"ನಮಗಾ?" ಎಂದ ರೇಡಿಯೋ.

"ನನಗೆ. ನೀವು ಅಕ್ಕ ತಮ್ಮ ಬಾಲ್ಕನಿಯಲ್ಲಿರಿ. ಡಾಲ್ಫಿನ್ನು ಬಂದ್ರೆ ಮಾತಾಡಿಸಿ."

ತಿರುಗುವ ಕುರ್ಚಿಗಳು ತಿರುಗುವುದನ್ನು ನಿಲ್ಲಿಸಿದವು. ಹೆಡ್‌ಮಿಸ್ಸು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತಮ್ಮನ ಹೆಂಡತಿಯ ಕಡೆ ನೋಡಿದಳು. "ಮದುವೆಯಾದ ಹೆಂಗಸು ಗಂಡನ್ನ ಬಿಟ್ಟು ಬೇರೆ ರೂಮಲ್ಲಿ ಮಲಗೋದಾ? ನೋಡಿದೋರು ಏನಂದ್ಕೊಳ್ತಾರೆ?"

"ಕಿಟಕಿ ಇಲ್ಲವಲ್ಲ ಅತ್ತಿಗೆ. ಯಾರೂ ನೋಡಲ್ಲ."

ಹುಡುಗಿ ಕೆಮ್ಮುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದಳು. ಕೋಣೆಗಳು ನಿಗದಿಯಾದವು.

ರೇಡಿಯೋನ ಎದೆಯಲ್ಲಿ ಅಂದಿನಿಂದ ಒಂದು ಮುಳ್ಳು. ಅವನು ಯಾವುದನ್ನೂ ಎದೆಯೊಳಗೇ ಇಟ್ಟುಕೊಳ್ಳುವ ಜಾತಿಯವನಲ್ಲವಾದ್ದರಿಂದ ಮರುದಿನವೇ ಕ್ಷೌರದ ಕುರ್ಚಿಯಲ್ಲಿ ಕೂತು, ಕತ್ತಿನವರೆಗೆ ಬಟ್ಟೆ ಹೊದ್ದು, ಎಲ್ಲ ಹೇಳಿಕೊಂಡ. ಕ್ಷೌರಿಕ ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ಅವನ ಮುಖ ನೋಡಿದ.

"ಗೊರಕೆ ಹೊಡೀತೀರಾ?"

"ಹೊಡೀತೀನಂತೆ. ನಾನು ಯಾವತ್ತೂ ಕೇಳಿಲ್ಲ."

"ಬೇರೆ ರೂಮು ಅಂದ್ರೆ ಮೊದಲ ಹೆಜ್ಜೆ ಸಾರ್. ನಮ್ಮ ಷಡ್ಡಕನ ಹೆಂಡ್ತಿ ಬೇರೆ ದಿಂಬು ಕೇಳಿದ್ಲು. ಈಗ ಬೇರೆ ಊರಲ್ಲಿದಾಳೆ."

ಸಂಜೆಯೊಳಗೆ ಬನ್ನಕ್ಕ ಗಂಡನನ್ನು ಬಿಡುತ್ತಿದ್ದಾಳೆ ಎಂದು ಊರಿಗೆಲ್ಲ ಗೊತ್ತಾಯಿತು. ಬ್ರೆಡ್ಡಿಗೆ ಬಂದವರು ಒಂದೊಂದು ಅಭಿಪ್ರಾಯ ಬಿಟ್ಟು ಹೋಗತೊಡಗಿದರು. ಹಲ್ಲಿನ ಡಾಕ್ಟರು, ಬಿಟ್ಟು ಹೋಗುವವರು ಕಿಟಕಿ ಇರುವ ರೂಮನ್ನೇ ತೆಗೆದುಕೊಳ್ಳುತ್ತಾರೆ, ಗಾಬರಿ ಬೇಡ ಎಂದರು. ಬಟ್ಟೆ ಇಸ್ತ್ರಿಯವನ ಹೆಂಡತಿ ನೇರವಾಗಿ ಒಲೆಯ ಹತ್ತಿರವೇ ಬಂದು ಬನ್ನಕ್ಕನ ಕಿವಿಯಲ್ಲಿ, "ಯಾರಾದ್ರೂ ಇದ್ದಾರೇನೇ?" ಎಂದು ಆಸೆಯಿಂದ ಕೇಳಿದಳು. ಬನ್ನಕ್ಕ ತಟ್ಟೆ ಎಳೆಯುತ್ತಾ, "ಇದ್ದಾರೆ. ಹಾಸಿಗೆ" ಎಂದಳು. ಆಕೆ ನಿರಾಸೆಯಿಂದ ಅರ್ಧ ಡಜನ್ ಬನ್ನು ಕೊಂಡು ಹೋದಳು.

ಬನ್ನಕ್ಕನಿಗೆ ಯಾರಿಗೂ ವಿವರಿಸುವ ಮನಸ್ಸಿರಲಿಲ್ಲ. ವಿವರಿಸಲು ಎಚ್ಚರ ಇರಬೇಕಲ್ಲ. ಮದುವೆಯಾಗಿ ಬಂದ ವಾರದಿಂದ ಅವಳು ಕಣ್ತುಂಬ ನಿದ್ದೆ ಮಾಡಿದ್ದು ಎರಡೇ ಸಲ, ಎರಡೂ ಸಲ ಹೆರಿಗೆ ಆಸ್ಪತ್ರೆಯಲ್ಲಿ. ಅಲ್ಲೂ ನರ್ಸು ಬೆಳಿಗ್ಗೆ ಬಂದು ಪರದೆ ಸರಿಸಿ, "ಏಳಿ, ಬಿಸಿಲು ನೋಡಿ" ಎನ್ನುತ್ತಿದ್ದಳು. ಬಿಸಿಲನ್ನು ಯಾಕೆ ನೋಡಬೇಕು ಎಂದು ಬನ್ನಕ್ಕನಿಗೆ ಆಗಲೂ ತಿಳಿದಿರಲಿಲ್ಲ.

ಹಡಗು ಹತ್ತಿದ ದಿನ ಎಲ್ಲರಿಗೂ ಜೀವರಕ್ಷಕ ಅಂಗಿ ತೊಡಿಸಿ ಸಾಲಾಗಿ ನಿಲ್ಲಿಸಿ ಪಾಠ ಮಾಡಿದರು. ಹೆಡ್‌ಮಿಸ್ಸು ಆ ಪಾಠದಲ್ಲಿ ಎರಡು ತಪ್ಪು ತಿದ್ದಿದಳು. ಅದು ಮುಗಿದ ಕೂಡಲೇ ಬನ್ನಕ್ಕ ತನ್ನ ಕೋಣೆ ಹುಡುಕಿಕೊಂಡು ಇಳಿದಳು. ಉದ್ದನೆಯ ಓಣಿ, ಕಾಲು ಹೂತುಹೋಗುವ ಜಮಖಾನ, ಎರಡೂ ಕಡೆ ಒಂದೇ ಥರದ ಬಾಗಿಲುಗಳು. ಒಳಗೆ ಅಕ್ಕಪಕ್ಕ ಎರಡು ಮಂಚ, ಒಂದು ಕನ್ನಡಿ, ಚಾಕಲೇಟು ಡಬ್ಬಿಯಷ್ಟು ಬಚ್ಚಲು. ಒಂದು ಗೋಡೆಗೆ ಯಾರೋ ಪರದೆ ಬೇರೆ ಹಾಕಿದ್ದರು. ಸರಿಸಿ ನೋಡಿದಳು. ಹಿಂದೆ ಗೋಡೆಯೇ. ಅವಳಿಗೆ ಆ ಗೋಡೆಯ ಮೇಲೆ ತುಂಬ ಪ್ರೀತಿ ಬಂತು.

ದೀಪ ಆರಿಸಿದಳು. ಕತ್ತಲೆ ಎಂದರೆ ಅಂಥ ಕತ್ತಲೆ. ಕಣ್ಣು ಮುಚ್ಚಿದ್ದೇನೋ ತೆರೆದಿದ್ದೇನೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕು. ಕೆಳಗೆಲ್ಲೋ ಎಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಡುತ್ತಿತ್ತು. ಬನ್ನಕ್ಕ ಕೈ ಕಾಲು ಅಗಲಿಸಿ, ಎರಡೂ ಮಂಚಗಳನ್ನು ಆಕ್ರಮಿಸಿ ಮಲಗಿದಳು.

ಅವಳು ಊಟಕ್ಕೆ ಬರಲಿಲ್ಲ. ಮರುದಿನ ತಿಂಡಿಗೂ ಬರಲಿಲ್ಲ. ರೇಡಿಯೋ ಬಂದು ಬಾಗಿಲು ಬಡಿದ. ಉತ್ತರವಿಲ್ಲ. ಮಧ್ಯಾಹ್ನದ ಊಟಕ್ಕೂ ಅವಳ ಕುರ್ಚಿ ಖಾಲಿ ಇದ್ದುದನ್ನು ಕಂಡಾಗ ಅವನು ಊಟ ಬಿಟ್ಟು ಎದ್ದ. ಬೇರೆ ದಿಂಬು ಕೇಳಿದವಳ ಕಥೆ ನೆನಪಾಗಿ, ಕೋಣೆ ಗುಡಿಸುವವನ ತೋಳು ಹಿಡಿದು ಎಳೆದುಕೊಂಡೇ ಬಂದ.

"ತೆಗೀರಿ ಬಾಗಿಲು! ನನ್ನ ಹೆಂಡ್ತಿ ಏನೋ ಮಾಡ್ಕೊಂಡಿದಾಳೆ!"

ಕೋಣೆಯವನು ತನ್ನ ಬೀಗದ ಕಾರ್ಡು ತೋರಿಸಿ ಬಾಗಿಲು ತೆಗೆದು, ಕತ್ತು ಮಾತ್ರ ಒಳಗೆ ಹಾಕಿ, ಸ್ವಲ್ಪ ಹೊತ್ತು ಆಲಿಸಿ, ಹೊರಗೆ ಬಂದ. "ಬದುಕಿದಾರೆ ಸಾರ್. ಜೋರಾಗೇ ಬದುಕಿದಾರೆ."

ಒಳಗಿನಿಂದ ಬರುತ್ತಿದ್ದ ಗೊರಕೆಯನ್ನು ರೇಡಿಯೋ ಓಣಿಯಲ್ಲಿ ನಿಂತು ಬೆರಗಾಗಿ ಕೇಳಿದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಹೆಂಡತಿ ಗೊರಕೆ ಹೊಡೆಯುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಮಲಗಿದ ಮೇಲೆ ಅವಳು ಮಲಗುತ್ತಿದ್ದಳು, ಅವನು ಏಳುವ ಮೊದಲು ಎದ್ದು ಹೋಗುತ್ತಿದ್ದಳು.

ಇತ್ತ ಮೇಲಿನ ಬಾಲ್ಕನಿ ಕೋಣೆಯಲ್ಲಿ ಅಕ್ಕ ತಮ್ಮಂದಿರ ಬಾಲ್ಯ ಮರಳಿತ್ತು. ಹೆಡ್‌ಮಿಸ್ಸು ಬಾಗಿಲ ಕಡೆಯ ಮಂಚ ಹಿಡಿದಳು, ಕಪಾಟಿನ ಮುಕ್ಕಾಲು ಹಿಡಿದಳು, ತಮ್ಮ ಹಲ್ಲುಜ್ಜಿದ್ದನ್ನು ಹತ್ತಿರ ಕರೆದು ಪರೀಕ್ಷಿಸಿದಳು. ಬಾಲ್ಕನಿಗೆ ಕಾಲಿಟ್ಟರೆ ಗಾಳಿ ಕಪಾಳಕ್ಕೆ ಬಾರಿಸುತ್ತಿತ್ತು. ರೇಡಿಯೋನ ತಲೆಯಲ್ಲಿ ಎಡಗಿವಿಯಿಂದ ಹೊರಟು ಬೋಳನ್ನು ದಾಟಿ ಬಲಗಿವಿ ಸೇರುವ ಕೆಲವು ಕೂದಲುಗಳಿದ್ದವು. ಮೊದಲ ಗಾಳಿಗೇ ಅವು ಎದ್ದು ನಿಂತು ಬಾವುಟದಂತೆ ಹಾರಿದವು. ಡಾಲ್ಫಿನ್ನುಗಳೇನಾದರೂ ಬಂದಿದ್ದರೆ ಅದನ್ನು ನೋಡಿ ವಾಪಸು ಹೋಗಿರಬೇಕು.

ಆದರೂ ಹೆಡ್‌ಮಿಸ್ಸು ಬಾಲ್ಕನಿಯನ್ನು ದಂಡ ಮಾಡಲು ಒಪ್ಪಲಿಲ್ಲ. ತನ್ನ ದೊಡ್ಡ ದೊಡ್ಡ ಹೂವಿನ ನೈಟಿಯನ್ನು ಒಗೆದು ಅಲ್ಲಿನ ಕುರ್ಚಿಯ ಮೇಲೆ ಒಣಹಾಕಿದಳು. ಒಳಗೆ ಬಂದು ತಿರುಗಿ ನೋಡುವಷ್ಟರಲ್ಲಿ ಕುರ್ಚಿ ಮಾತ್ರ ಇತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬ ನೈಟಿಯನ್ನು ನೀಟಾಗಿ ಮಡಚಿ, ತಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದ.

"ಕ್ಯಾಪ್ಟನ್ ಕಳಿಸಿದಾರೆ ಮೇಡಂ. ಹಡಗು ನಡೆಸೋ ಕೋಣೆ ಸರಿಯಾಗಿ ನಿಮ್ಮ ಮೇಲ್ಗಡೆ. ಇದು ಗಾಜಿಗೆ ಅಂಟ್ಕೊಂಡು, ಅವರಿಗೆ ಸಮುದ್ರ ಕಾಣ್ತಿರಲಿಲ್ಲವಂತೆ."

"ಅದು ನನ್ನದಲ್ಲ" ಎಂದಳು ಹೆಡ್‌ಮಿಸ್ಸು, ನೆಟ್ಟಗೆ ನಿಂತು.

"ನಿಂದೇ ಅಲ್ವೇನಕ್ಕ? ದಾಸವಾಳದ್ದು?" ಎಂದ ತಮ್ಮ, ಸಹಾಯ ಮಾಡುವ ಉತ್ಸಾಹದಲ್ಲಿ.

ಆಮೇಲೆ ಅಕ್ಕ ಅವನ ಜೊತೆ ಮಾತು ಬಿಟ್ಟಳು. ಮರುದಿನ ಸಮುದ್ರ ಎದ್ದದ್ದು ಅವರಿಬ್ಬರೂ ಹಾಗೆ ಮುಖ ತಿರುಗಿಸಿಕೊಂಡು ಕೂತಿದ್ದಾಗಲೇ.

ಮಧ್ಯಾಹ್ನದ ಹೊತ್ತು. ಆಕಾಶ ಕೊಳೆ ಬಟ್ಟೆಯ ಬಣ್ಣಕ್ಕೆ ತಿರುಗಿತು. ಹಡಗಿನ ಮೂತಿ ಮೆಲ್ಲಗೆ ಎದ್ದಿತು, ಎದ್ದೇ ಇತ್ತು, ಇನ್ನೂ ಎದ್ದಿತು. ಆಮೇಲೆ ಒಳಗಿದ್ದವರ ಹೊಟ್ಟೆಯನ್ನು ಮೇಲೆಯೇ ಬಿಟ್ಟು ಮಿಕ್ಕ ದೇಹವನ್ನು ಮಾತ್ರ ಕೆಳಕ್ಕೆ ತಂದಿತು. ಕಪಾಟಿನ ಬಾಗಿಲುಗಳು ತೆರೆದುಕೊಂಡು ಚಪ್ಪಾಳೆ ತಟ್ಟಿದವು. ಎರಡನೆಯ ಸಲಕ್ಕೆ ರೇಡಿಯೋ ಬಚ್ಚಲಿಗೆ ಓಡಿದ. ಮೂರನೆಯ ಸಲಕ್ಕೆ ಹೆಡ್‌ಮಿಸ್ಸು ಬಚ್ಚಲ ಬಾಗಿಲು ಗುದ್ದಿ, ಮೌನ ಮುರಿದು, "ಬೇಗ ಬಾರೋ ಕತ್ತೆ!" ಎಂದು ಕಿರುಚಿದಳು.

ಎಷ್ಟೋ ಹೊತ್ತಿನ ಮೇಲೆ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಜೋತುಬಿದ್ದು, ಕಂಬಿ ಹಿಡಿದು ಮೆಟ್ಟಿಲಿಳಿದು, ಬನ್ನಕ್ಕನ ಬಾಗಿಲಿಗೆ ತಲೆ ಕೊಟ್ಟು ನಿಂತರು. ಬಾಗಿಲು ತೆರೆಯಿತು. ಕೆದರಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ, ಮುಖ ಮಾತ್ರ ಈಗ ತಾನೆ ಒಲೆಯಿಂದ ತೆಗೆದ ಬನ್ನಿನ ಹಾಗೆ ಉಬ್ಬಿ ಹೊಳೆಯುತ್ತಿತ್ತು.

"ಯಾಕೆ? ಊಟಕ್ಕೆ ಹೊತ್ತಾಯ್ತಾ?"

ಊಟ ಎಂಬ ಮಾತು ಕಿವಿಗೆ ಬಿದ್ದದ್ದೇ ರೇಡಿಯೋ ಅವಳನ್ನು ಪಕ್ಕಕ್ಕೆ ನೂಕಿ ಕಸದ ಬುಟ್ಟಿ ಅಪ್ಪಿಕೊಂಡ.

ಹಡಗಿನ ನಡುವಿನ ಆ ಕೋಣೆ ಹೆಚ್ಚುಕಡಿಮೆ ನೆಟ್ಟಗೇ ಇತ್ತು. ಬನ್ನಕ್ಕ ಒಂದು ಮಂಚದಲ್ಲಿ ಗಂಡನನ್ನು, ಇನ್ನೊಂದರಲ್ಲಿ ಅತ್ತಿಗೆಯನ್ನು ಮಲಗಿಸಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ನೀರು ಕುಡಿಸಿದಳು. ಮೂರನೆಯ ಮಂಚ ಇರಲಿಲ್ಲ. ಅವಳು ಆ ಕತ್ತಲೆಯನ್ನೂ ಗೋಡೆಯನ್ನೂ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಗಂಡನ ಜೇಬಿನಿಂದ ಬಾಲ್ಕನಿ ಕೋಣೆಯ ಕಾರ್ಡು ತೆಗೆದುಕೊಂಡಳು.

"ಎಲ್ಲಿಗೆ ಹೋಗ್ತಿದೀಯ?" ರೇಡಿಯೋನ ದನಿ ಸಣ್ಣಗಾಗಿತ್ತು.

"ನಿಮ್ಮ ಮುಂದಿನ ಸೀಟಿಗೆ."

ಬಾಲ್ಕನಿ ಕೋಣೆ ಏಳುತ್ತಿತ್ತು, ಬೀಳುತ್ತಿತ್ತು. ಬನ್ನಕ್ಕನಿಗೆ ಏನೂ ಆಗಲಿಲ್ಲ. ಹಿಟ್ಟು ನಾದುವ ಹಳೆಯ ಯಂತ್ರ ನೆಲವನ್ನೇ ನಡುಗಿಸುವಾಗ ಅದರ ಪಕ್ಕ ನಿಂತು ಪಳಗಿದ ಕಾಲುಗಳೋ ಏನೋ, ಇಲ್ಲವೇ ಅಷ್ಟು ನಿದ್ದೆಯಾದ ದೇಹಕ್ಕೆ ಯಾವುದೂ ತಾಗುವುದಿಲ್ಲವೋ. ಆದದ್ದು ಹಸಿವು ಮಾತ್ರ, ಅದೂ ಸಿಕ್ಕಾಪಟ್ಟೆ. ಎದ್ದು ಊಟದ ಮನೆಗೆ ಹೋದಳು.

ನೂರಾರು ಕುರ್ಚಿಗಳ ಆ ಹಜಾರದಲ್ಲಿ ಒಂದು ಮೂಲೆಯಲ್ಲಿ ಬೊಕ್ಕಬಾಯಿಯ ಮುದುಕನೊಬ್ಬ ಸೂಪು ಕುಡಿಯುತ್ತಿದ್ದ. ಮಿಕ್ಕವರೆಲ್ಲ ಬಚ್ಚಲುಗಳಲ್ಲಿದ್ದರು. ಕೆಲಸವಿಲ್ಲದೆ ಸಾಲಾಗಿ ನಿಂತಿದ್ದ ಬಡಿಸುವವರು ಅವಳನ್ನು ಕಂಡು ನಾಲ್ಕು ದಿಕ್ಕಿನಿಂದ ಓಡಿಬಂದರು. ಒಬ್ಬ ಕುರ್ಚಿ ಎಳೆದ, ಒಬ್ಬ ತೊಡೆಗೆ ಬಟ್ಟೆ ಹಾಸಿದ, ಇನ್ನೊಬ್ಬ ಬೆತ್ತದ ಬುಟ್ಟಿಯಲ್ಲಿ ಬ್ರೆಡ್ಡು ತಂದಿಟ್ಟ. ಬನ್ನಕ್ಕ ಒಂದು ತುಂಡು ಮುರಿದು ಬಾಯಿಗಿಟ್ಟಳು. ಮೇಲೆ ಕರಕಲು, ಒಳಗೆ ಹಸಿ. ಸರಿಯಾಗಿ ಉಬ್ಬಲು ಬಿಟ್ಟಿರಲಿಲ್ಲ.

"ಹೇಗಿದೆ ಮೇಡಂ?"

"ಕೆಟ್ಟದಾಗಿದೆ" ಎಂದಳು ಬನ್ನಕ್ಕ, ಬಾಯಿ ತುಂಬ ನಗುತ್ತಾ. ತಪ್ಪು ಅವಳದಲ್ಲ, ನಾಳೆ ಬೆಳಿಗ್ಗೆ ಎದ್ದು ಸರಿಪಡಿಸಬೇಕಾದವಳೂ ಅವಳಲ್ಲ. ಬದುಕಿನಲ್ಲಿ ಯಾವ ಬ್ರೆಡ್ಡನ್ನೂ ಅವಳು ಅಷ್ಟು ಸುಖವಾಗಿ ತಿಂದಿರಲಿಲ್ಲ. ಇನ್ನೊಂದು ಬುಟ್ಟಿ ತರಿಸಿಕೊಂಡಳು.

ಮರುದಿನ ಸಮುದ್ರ ತಣ್ಣಗಾಗಿತ್ತು. ಪರದೆಯ ಸಂದಿನಿಂದ ಬೆಳಕು ನುಗ್ಗಿ ಬನ್ನಕ್ಕನನ್ನು ಎಬ್ಬಿಸಿತು. ಬಾಲ್ಕನಿಗೆ ಹೋದಳು. ನೀರಿನ ಅಂಚಿನಲ್ಲಿ ಸೂರ್ಯ ಕೆಂಪಗೆ, ನಿಗಿನಿಗಿ ಏಳುತ್ತಿದ್ದ. ಜನ ಅದನ್ನು ನೋಡಲೆಂದೇ ಈ ಕೋಣೆ ಹಿಡಿಯುತ್ತಾರಂತೆ. ಬನ್ನಕ್ಕ ನೋಡಿದಳು. ಚೆನ್ನಾಗೇ ಇತ್ತು. ನೋಡಿದ್ದಾಯಿತೆಂದು ಒಳಗೆ ಬಂದು, ಪರದೆ ಎಳೆದು, ಸಂದಿಗೆ ಬಟ್ಟೆ ಸಿಕ್ಕಿಸಿ, ತಲೆಯ ಮೇಲೆ ದಿಂಬಿಟ್ಟುಕೊಂಡು ಮಲಗಿದಳು.

ಬಿಸಿಲು ಏರಿದ ಮೇಲೆ ಗಂಡ ಹೆಂಡತಿ ಹೊರಗಿನ ಡೆಕ್ಕಿನಲ್ಲಿ ಒರಗು ಕುರ್ಚಿಗಳ ಮೇಲೆ ಕೂತರು. ರೇಡಿಯೋ ಟವೆಲು ಹೊದ್ದು ಹಿಂಡಿದ ಬಟ್ಟೆಯಂತಿದ್ದ. ಬಹಳ ಹೊತ್ತು ಮಾತಾಡಲಿಲ್ಲ. ಅವನ ಪಕ್ಕದಲ್ಲಿ ಕೂತು ನೀರಿನ ಸದ್ದು ಕೇಳುವುದು ಬನ್ನಕ್ಕನಿಗೆ ಹೊಸ ಅನುಭವ.

"ಒಂದು ಕೇಳ್ತೀನಿ, ನಿಜ ಹೇಳು" ಎಂದ ಕೊನೆಗೆ. "ನನ್ನಿಂದ ದೂರ ಹೋಗ್ಬೇಕು ಅನ್ನಿಸಿ ಆ ರೂಮು ತಗೊಂಡ್ಯಾ?"

"ಅಯ್ಯೋ, ನಿಮ್ಮಿಂದ ಅಲ್ಲ ರೀ. ಬೆಳಗಿನಿಂದ." ಸ್ವಲ್ಪ ಯೋಚಿಸಿ ಸೇರಿಸಿದಳು, "ನಿಮ್ಮಿಂದಾನೂ ಸ್ವಲ್ಪ."

"ಬೆಳಗಿನಿಂದಾನಾ? ನಿಂಗೆ ಬೆಳಗಿನ ಜಾವ ಅಂದ್ರೆ ಪ್ರಾಣ ಅಲ್ವಾ?"

"ಯಾರು ಹೇಳಿದ್ದು?"

ರೇಡಿಯೋ ಬಾಯಿ ತೆರೆದ. ಯಾರು ಹೇಳಿದ್ದು ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕಿದ. "ನಾನೇ" ಎಂದ.

"ನಂಗೆ ಕಂಡ್ರಾಗಲ್ಲ" ಎಂದಳು ಬನ್ನಕ್ಕ. "ಅಲಾರಂ ಹೊಡೆದಾಗಲೆಲ್ಲ ನಿಮ್ಮ ಮುಖ ನೋಡ್ತೀನಿ. ಬಾಯಿ ತೆಗ್ದು, ಹಾಯಾಗಿ ಬಿದ್ದಿರ್ತೀರ. ಒಂದೊಂದು ದಿನ ದಿಂಬು ಎತ್ತಿ ಮುಖದ ಮೇಲೆ ಒತ್ತಿಬಿಡೋಣ ಅನ್ಸುತ್ತೆ. ಆಮೇಲೆ ಹಿಟ್ಟು ಹುಳಿಯಾಗುತ್ತಲ್ಲ ಅಂತ ಎದ್ದು ಹೋಗ್ತೀನಿ."

ರೇಡಿಯೋ ನಗಲು ನೋಡಿದ. ಅವಳು ನಗುತ್ತಿರಲಿಲ್ಲ. ಅವನ ಕಣ್ಣು ತೇವವಾಯಿತು. ಗಾಳಿಯಿಂದ ಎಂದು ಹೇಳಿಕೊಳ್ಳಲು ಅಂದು ಗಾಳಿಯೂ ಇರಲಿಲ್ಲ. "ಒಂದು ಮಾತು ಹೇಳಬಾರದಿತ್ತೇನೇ?" ಎಂದ.

"ನೀವು ಮಾತು ನಿಲ್ಲಿಸಿದ್ರೆ ತಾನೆ!"

ಈಗ ನಕ್ಕಳು. ಅವನು ಅವಳ ಕೈ ಹಿಡಿದುಕೊಂಡ. ಒಲೆಯ ಸುಟ್ಟ ಗುರುತುಗಳು ಮಣಿಕಟ್ಟಿನ ತುಂಬ ಇದ್ದವು. ಅವನು ಅವುಗಳನ್ನು ಹೊಸದಾಗಿ ನೋಡುವವನಂತೆ ನೋಡುತ್ತಾ ಕೂತ.

ಕೋಣೆಗಳ ವಿಚಾರ ಮಾತ್ರ ಬಗೆಹರಿಯಲಿಲ್ಲ. ಹೆಡ್‌ಮಿಸ್ಸು ಕೆಳಗಿನ ಕೋಣೆ ಬಿಡಲೊಪ್ಪಲಿಲ್ಲ. ಸಮುದ್ರ ಪೂರ್ತಿ ನಂಬಿಕೆಗೆ ಅರ್ಹವಾಗುವವರೆಗೆ ಅಲ್ಲೇ ಇರುವುದಾಗಿ ಬಾಗಿಲ ಸಂದಿಯಿಂದ ತಿಳಿಸಿ ಚಿಲಕ ಹಾಕಿಕೊಂಡಳು. ಉಳಿದ ಪ್ರವಾಸವೆಲ್ಲ ಗಂಡ ಹೆಂಡತಿ ಬಾಲ್ಕನಿ ಕೋಣೆಯಲ್ಲೇ ಕಳೆದರು. ರೇಡಿಯೋ ಪ್ರತಿದಿನ ಬೆಳಗಾಗುವ ಮೊದಲು ಎದ್ದು, ಪರದೆಯ ಸಂದಿಗೆ ತನ್ನ ಪ್ಯಾಂಟು ಷರ್ಟು ಎಲ್ಲ ತುರುಕಿ, ಚಡ್ಡಿಯಲ್ಲಿ ಬಚ್ಚಲಿನೊಳಗೆ ಕೂತಿರುತ್ತಿದ್ದ, ಸದ್ದಾಗಬಾರದೆಂದು.

ಊರಿಗೆ ಬಂದ ಮೇಲೆ ಬೇಕರಿಯ ಬಾಗಿಲು ಬಿಸಿಲೇರಿದ ಮೇಲೆ ತೆರೆಯತೊಡಗಿತು. ಗಿರಾಕಿಗಳು ಬೈದರು. ಹಲ್ಲಿನ ಡಾಕ್ಟರು ಬೇರೆ ಬೇಕರಿ ಹಿಡಿದು, ಅಲ್ಲಿನ ಬ್ರೆಡ್ಡು ತಿಂದು, ನಾಚಿಕೆ ಬಿಟ್ಟು ವಾಪಸು ಬಂದರು. ಹಿಟ್ಟು ತೂಗಿ ಕಲೆಸಿಡುವ ಕೆಲಸ ರೇಡಿಯೋನ ತಲೆಗೆ ಬಂತು. ಎರಡು ಸಲ ಉಪ್ಪು ಮರೆತ, ಒಂದು ಸಲ ಎರಡರಷ್ಟು ಹಾಕಿದ. ಗಲ್ಲಾದಲ್ಲಿ ಕೂತಾಗ ಮಾತ್ರ ಎಂದಿನಂತೆ, ಹಡಗಿನಲ್ಲಿ ಕೆಳಗಿನ ನಡುವಿನ ಕೋಣೆಯೇ ಶ್ರೇಷ್ಠವೆಂದು ತಾನು ಮೊದಲೇ ಹೇಳಿದ್ದೆ ಎಂದು ಎಲ್ಲರಿಗೂ ಸಾರುತ್ತಿದ್ದ.

ಒಂದು ದಿನ ಹೆಡ್‌ಮಿಸ್ಸು ಬಿಸಿ ಬನ್ನು ತಿನ್ನುತ್ತಾ ಹೊಸ ಯೋಜನೆ ಮುಂದಿಟ್ಟಳು.

"ಮುಂದಿನ ವರ್ಷ ಮತ್ತೆ ಹೋಗೋಣ. ಮೂರು ಒಳಗಿನ ರೂಮು ತಗೊಳ್ಳೋಣ. ಒಬ್ಬೊಬ್ಬರಿಗೆ ಒಂದೊಂದು. ಜಗಳವೇ ಇಲ್ಲ."

"ನಂಗೆ ಒಪ್ಪಿಗೆ" ಎಂದಳು ಬನ್ನಕ್ಕ.

ರೇಡಿಯೋ ಕೈಯಲ್ಲಿದ್ದ ಸೌಟನ್ನು ಹಿಟ್ಟಿನೊಳಗೇ ಬಿಟ್ಟ. ಇಬ್ಬರೂ ಅವನ ಕಡೆ ನೋಡಿದರು.

"ಯಾಕೋ? ಏನಾಯ್ತೋ?" ಎಂದಳು ಅಕ್ಕ.

"ಅಷ್ಟು ಕತ್ತಲೇಲಿ..." ಎಂದು ಅವನು ಬಾಗಿಲ ಕಡೆ ನೋಡಿ, ಯಾವ ಗಿರಾಕಿಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದ. "ಒಬ್ಬನೇ ಅಂದ್ರೆ ನಂಗೆ ಹೆದರಿಕೆಯಾಗುತ್ತೆ ಕಣಕ್ಕ."

ಬನ್ನಕ್ಕ ನಗು ತಡೆಯಲಾರದೆ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೆಡ್‌ಮಿಸ್ಸು ನಗಲಿಲ್ಲ. ಬನ್ನಿನ ಕೊನೆಯ ತುತ್ತು ಬಾಯಿಗಿಟ್ಟುಕೊಂಡು, ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ನನ್ನ ರೂಮಿಗೆ ಬಾ. ಆದ್ರೆ ಹಲ್ಲುಜ್ಜಿ ಬರಬೇಕು" ಎಂದಳು.